ಹಸಿ ನೆಲ ಉತ್ತ ವರ್ಷ

ತೆಲಂಗಾಣದ ಕಂಗ್ಟಿಗೆ ಬಂದ ಮೊದಲ ವಾರವೇ ನೆಲ ನನ್ನ ಕುಡುಗೋಲನ್ನು ನುಂಗಿಬಿಟ್ಟಿತು. ಬೇಸಿಗೆಯ ಕೊನೆ, ಕಪ್ಪು ಹೊಲದ ತುಂಬ ಬಿರುಕು. ಬದುವಿನ ಮುಳ್ಳು ಸವರುವಾಗ ಕೈಜಾರಿದ ಕುಡುಗೋಲು ಒಂದು ಬಿರುಕಿನೊಳಗೆ ಇಳಿದುಹೋಯಿತು. ಮೊಣಕೈವರೆಗೆ ಕೈ ಹಾಕಿ ತಡಕಿದೆ, ಸಿಗಲಿಲ್ಲ. ಮುಳಬಾಗಿಲಿನ ನಮ್ಮ ಕೆಂಪು ನೆಲದಲ್ಲಿ ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ಇದೆಂಥ ಊರಿಗೆ ಬಂದೆನಪ್ಪಾ ಎಂದು ಅಲ್ಲೇ ಕೂತುಬಿಟ್ಟೆ.

ಬಂದದ್ದು ಗಂಡನ ಹಟಕ್ಕೆ. ಮಂಜುನಾಥ ಲಾರಿ ಓಡಿಸುತ್ತಿದ್ದವನು, ತಾಂಡೂರಿನ ಹಾಸುಗಲ್ಲು ಹೇರಿಕೊಂಡು ಕೋಲಾರದ ಕಡೆ ಬರುತ್ತಿದ್ದ. ಬೆನ್ನು ಕೈಕೊಟ್ಟು ಸ್ಟೀರಿಂಗ್ ಬಿಟ್ಟ ಮೇಲೂ ಆ ಸೀಮೆಯ ತೊಗರಿ ಹೊಲಗಳು ಅವನ ತಲೆಯಿಂದ ಇಳಿಯಲಿಲ್ಲ. ನಾರಾಯಣಖೇಡದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಾವ್ಕಾರರೊಬ್ಬರ ಹೊಲವನ್ನು ಕೌಲಿಗೆ ಹಿಡಿದ. ನಾವು ಗುತ್ತಿಗೆ ಎನ್ನುವುದನ್ನು ಇಲ್ಲಿ ಕೌಲು ಎನ್ನುತ್ತಾರೆ. ಮಾತು ಒಂದೇ ವರ್ಷದ್ದು, ಬೆಳೆ ನೋಡಿ ಮುಂದಿನದು. ನಾವಿದ್ದ ಎರಡು ಕೋಣೆಯ ಮನೆಯೂ ಅವರದೇ. ಹೊಲ ಹೋದರೆ ಮನೆಯೂ ಹೋದ ಹಾಗೆ. ಮುಳಬಾಗಿಲಿನ ಹೊಲಮನೆಯನ್ನೆಲ್ಲ ಅಣ್ಣನಿಗೆ ಒಪ್ಪಿಸಿ ಬಂದವಳು ನಾನು, ಯಾವ ಮುಖ ಹೊತ್ತು ವಾಪಸು ಹೋಗಲಿ?

ತೆಲಂಗಾಣ ಎಂದಾಗ ಧೈರ್ಯವಾಗಿಯೇ ಇದ್ದೆ. ಗಡಿಯವರಾದ ನಮಗೆ ತೆಲುಗೇನು ಹೊಸದೇ? ಇಲ್ಲಿ ನೋಡಿದರೆ ಓಣಿಯೆಲ್ಲ ಕನ್ನಡ, ಆದರೆ ಅರ್ಧ ಮಾತು ನನಗೆ ತಿಳಿಯದು. ನಾನು ಬಾಯಿ ತೆರೆದರೆ, "ಅಕ್ಕ ರೇಡಿಯೋದಾಗ ಮಾತಾಡ್ದಂಗ ಮಾತಾಡ್ತಾಳ ನೋಡ್ರಿ" ಎಂದು ನಗುತ್ತಿದ್ದರು. ಅಂಗಡಿಯಲ್ಲಿ ರಾಗಿ ಹಿಟ್ಟು ಕೇಳಿದರೆ, ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುತ್ತಿದ್ದರು. ನಾನು ಬಡಿದ ಜೋಳದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಮೂರು ಚೂರಾಗುತ್ತಿತ್ತು. ಪಕ್ಕದ ಮನೆಯ ಬೀರಮ್ಮ ರೊಟ್ಟಿ ಬಡಿಯುವ ಸದ್ದು ಗೋಡೆ ದಾಟಿ ಬರುತ್ತಿತ್ತು. ಒಂದು ಸಲವೂ ತಪ್ಪದ ಆ ಸದ್ದು ಕೇಳಿಯೇ ನನಗೆ ಹೊಟ್ಟೆ ಉರಿಯುತ್ತಿತ್ತು.

ಬೀರಮ್ಮನ ಹೊಲವೂ ನಮ್ಮದಕ್ಕೆ ಹತ್ತಿಕೊಂಡೇ ಇದೆ, ನಡುವೆ ಒಂದು ಬದು ಅಷ್ಟೆ. ಗಂಡ ಕುರಿ ಕಾಯುತ್ತಾನೆ, ಹೊಲ ಇವಳದು. ಮೃಗಶಿರ ಮಳೆ ಚೆನ್ನಾಗಿ ಹುಯ್ದ ಮರುದಿನ ನಾವು ಟ್ರ್ಯಾಕ್ಟರ್ ಇಳಿಸಿದೆವು. ಕೆಂಪು ನೆಲದಲ್ಲಿ ಬೆಳೆದವರ ಅಭ್ಯಾಸ ಅದು. ಇವತ್ತು ಮಳೆಯಾದರೆ ನಾಳೆ ಉಳಬೇಕು, ತಡವಾದರೆ ನೆಲ ಕಲ್ಲಾಗಿಬಿಡುತ್ತದೆ. ಬೀರಮ್ಮ ಬದುವಿನ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತ ನೋಡುತ್ತಿದ್ದಳು. ಅವಳು ಹೊಲಕ್ಕೆ ಇಳಿದದ್ದು ಮಣ್ಣು ಆರಿ, ಹಿಡಿದರೆ ಉದುರುವಂತಾದ ಮೇಲೆ. ಸೋಮಾರಿ ಹೆಂಗಸು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಬೀಜ ಎರಡೂ ಹೊಲಕ್ಕೆ ಒಂದೇ, ಅವಳೇ ಕೊಟ್ಟದ್ದು. ಬಿದ್ದ ಮಳೆಯೂ ಒಂದೇ. ಶ್ರಾವಣದವರೆಗೆ ಎರಡೂ ಕಡೆ ತೊಗರಿ ಸಮಸಮ ಎದ್ದಿತು. ದಸರಾ ಕಳೆದು ಮಳೆ ನಿಂತ ಮೇಲೆ ನಮ್ಮದು ಸೊಂಟದೆತ್ತರದಲ್ಲೇ ನಿಂತು ಹಳದಿಗೆ ತಿರುಗಿತು, ಅವಳದು ತಲೆ ಮೀರಿ ಹೂ ಬಿಟ್ಟಿತು. ಬೆಳಿಗ್ಗೆ ಎದ್ದು ನಾನು ಮೊದಲು ನೋಡುತ್ತಿದ್ದದ್ದು ನನ್ನ ಗಿಡವನ್ನಲ್ಲ, ಅವಳದನ್ನು. ಹುಳ ಬೀಳಬಾರದೇ ಎಂದುಕೊಂಡದ್ದೂ ಉಂಟು. ಕುರಿಗೊಬ್ಬರದ ಮಹಿಮೆ ಎಂದೆ, ದೃಷ್ಟಿ ಎಂದೆ, ಸಾಲದ್ದಕ್ಕೆ ಗಂಡನ ಜೊತೆ ಜಗಳವಾಡಿದೆ.

ಎಳ್ಳಮಾವಾಸ್ಯೆ ಹತ್ತಿರ ಬಂತು. ಅವತ್ತು ಈ ಸೀಮೆಯವರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನು ಬೆಳೆಗೆ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಸಾವ್ಕಾರರು ಬಂದು ಹೊಲ ನೋಡುವುದೂ ಅವತ್ತೇ. ನನಗೆ ತಡೆಯಲಾಗಲಿಲ್ಲ. ಸಲಿಕೆ ಹಿಡಿದು ನಮ್ಮದೊಂದು ಗಿಡದ ಬುಡ ಅಗೆದೆ. ಒಂದು ಗೇಣು ಇಳಿದ ತಾಯಿಬೇರು ಅಲ್ಲಿಂದ ಗಕ್ಕನೆ ಅಡ್ಡಕ್ಕೆ ತಿರುಗಿತ್ತು, ಬಾಗಿಲು ಹಾಕಿದ ಮನೆಯ ಗೋಡೆ ಹಿಡಿದು ನಡೆದ ಹಾಗೆ. ಅದರ ಕೆಳಗಿನ ಮಣ್ಣು ನುಣ್ಣಗೆ ಹೊಳೆಯುವ ಹಲಗೆ. ಸಲಿಕೆ ಹಾಕಿದರೆ ಟಣ್ ಎಂದಿತು.

"ನಿನ್ನದೂ ಒಂದು ಅಗೀತೀನಿ" ಎಂದೆ ಬೀರಮ್ಮನಿಗೆ.

"ಅಗಿ. ಒಂದು ಗಿಡ ಹೋದ್ರ ನಾ ಏನು ಸಾಯಲ್ಲ" ಎಂದಳು.

ಅವಳ ಮಣ್ಣು ಪುಟ್ಟಪುಟ್ಟ ಹೆಂಟೆಯಾಗಿ ಬಿಚ್ಚಿಕೊಂಡಿತು. ಸಂದಿಸಂದಿಗೂ ಕೂದಲಿನಂಥ ಬೇರು, ಒಳಗಿನ್ನೂ ತಂಪು. ತಾಯಿಬೇರು ನೆಟ್ಟಗೆ ಇಳಿದಿತ್ತು. ಸೊಂಟದಾಳದ ಗುಂಡಿ ತೋಡಿದರೂ ತುದಿ ಸಿಗಲಿಲ್ಲ.

"ಹಸಿ ನೆಲದಾಗ ಟ್ರ್ಯಾಕ್ಟರ್ ಹೊಡ್ಸೀರಿ. ಗಾಲಿ ತುಳದು ತುಳದು ಒಳಗ ಹಾಸುಗಲ್ಲು ಆಗ್ಯದ. ಬೇರಿಗಿ ದಾರಿ ಎಲ್ಲದ, ಹೇಳು?"

"ಹೊಡೆಯುವಾಗ ನೀನು ಬದುವಿನ ಮೇಲೇ ಕೂತಿದ್ದೆಯಲ್ಲ. ಯಾಕೆ ಹೇಳಲಿಲ್ಲ?"

"ಯಾಕ ಹೇಳಬೇಕು? ಹೋದ ವರ್ಷದ ತನಕ ಸಾವ್ಕಾರ್ರ ಹೊಲ ನಾನೇ ಮಾಡ್ತಿದ್ದೆ. ನೀವು ಬಂದ್ರಿ, ನನ್ನ ಕೈ ತಪ್ಪಿತು. ಹೊಟ್ಟಿ ಉರೀತಿತ್ತು ನಂಗ. ಕೆಡ್ಲಿ, ಮತ್ತ ನನಗೇ ಬರ್ತದ ಅಂತ ಸುಮ್ನ ಕುಂತೆ."

ಸಲಿಕೆ ನನ್ನ ಕೈಯಲ್ಲೇ ಇತ್ತು. ಸಿಟ್ಟು ನೆತ್ತಿಗೇರಿತು ನಿಜ, ಆದರೆ ಅದರ ಜೊತೆಗೇ ಮನಸ್ಸು ಹಗುರವೂ ಆಯಿತು. ಇಷ್ಟು ತಿಂಗಳು ಉರಿಯುತ್ತಿದ್ದವಳು ನಾನೊಬ್ಬಳೇ ಅಲ್ಲವಲ್ಲ. ಅವಳ ಎಲೆಯಡಿಕೆ ಚೀಲದಿಂದ ಕೇಳದೆಯೇ ಒಂದು ಎಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.

ಅಮಾವಾಸ್ಯೆಯ ದಿನ ಸಾವ್ಕಾರರು ಬಂದರು. ಕಾಳು, ಸೊಪ್ಪು ಎಲ್ಲ ಸೇರಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಊಟವಾಯಿತು. ನಮ್ಮ ತೊಗರಿಯ ನಡುವೆ ನಿಂತು ಅವರು ಒಂದು ಹಳದಿ ಎಲೆ ಕಿತ್ತು ನೋಡಿದರು. ಆಮೇಲೆ ಬದುವಿನಾಚೆ ಕೂಗಿದರು.

"ಬೀರಮ್ಮ, ಮುಂದಿನ ವರ್ಷ ನೀನೇ ಮಾಡ್ತಿಯೇನು?"

ಮಂಜುನಾಥ ತಲೆ ಬಗ್ಗಿಸಿದ. ನನಗೆ ನಮ್ಮ ಪಾತ್ರೆಪಗಡ ಮತ್ತೆ ಲಾರಿ ಹತ್ತುವುದು ಕಣ್ಣಿಗೆ ಕಟ್ಟಿತು.

ಬೀರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬ್ಯಾಡ್ರಿ. ಒಳಗ ಕಲ್ಲು ಆಗ್ಯದ. ಬಿಸಿಲಿಗಿ ನೆಲ ಬಿರತು ಆ ಕಲ್ಲು ಒಡೀಬೇಕು. ಒಂದು ಬ್ಯಾಸಗಿ ಸಾಲ್ತದೋ ಇಲ್ಲೋ. ಕೆಟ್ಟ ಹೊಲ ನಂಗ್ಯಾಕ? ಕೆಡಿಸಿದವ್ರೇ ಸರಿ ಮಾಡ್ಲಿ."

"ಆತು ಹಂಗಾರ" ಎಂದು ಸಾವ್ಕಾರರು ನಮ್ಮ ಕಡೆ ತಿರುಗಿದರು. ಹೀಗೆ ನಾವು ಉಳಿದುಕೊಂಡೆವು. ಚೆನ್ನಾಗಿ ಬೆಳೆದು ಉಳಿದದ್ದಲ್ಲ, ಅವಳು ಬೇಡವೆಂದದ್ದಕ್ಕೆ ಉಳಿದದ್ದು. ಮನೆಗೆ ಬಂದು ಸಂತೋಷಕ್ಕೂ ಅವಮಾನಕ್ಕೂ ಸೇರಿಸಿ ಅತ್ತೆ.

ಯುಗಾದಿಗೆ ಮುಳಬಾಗಿಲಿಗೆ ಹೋದೆ. ಮಧ್ಯಾಹ್ನ ಮೋಡ ಕಟ್ಟಿತು. ಒಂದು ಹದ ಮಳೆ ಬಿದ್ದರೆ ನಾಳೆಯೇ ಉಳುತ್ತೇನೆ ಎಂದು ಅಣ್ಣ ಅಂಗಳದಲ್ಲಿ ಮುಖವೆತ್ತಿ ನಿಂತಿದ್ದ. ನಾನು ಜಗಲಿಯಿಂದ ಬೀರಮ್ಮನಿಗೆ ಫೋನ್ ಮಾಡಿದೆ.

"ಇಲ್ಲಿ ಮಳಿ ಎಲ್ಲದ? ಬೆಂಕಿ ಬಿಸಿಲು. ನಿನ್ನ ಹೊಲ ಬಾಯಿ ಬಿಟ್ಟದ" ಎಂದಳು.

"ಸದ್ಯ, ಮಳೆ ಬರದೇ ಇರಲಿ" ಎಂದೆ ಜೋರಾಗಿ.

ಅತ್ತಿಗೆ ಒಳಗಿಂದ ಬಂದಳು. "ಹಬ್ಬದ ದಿನ ಮನೆಮಗಳ ಬಾಯಲ್ಲಿ ಬರೋ ಮಾತಾ ಇದು?"

ಅಲ್ಲಿನ ನೆಲ ಬಿಸಿಲಿಗೆ ಬಿರಿಯಬೇಕು, ಇಲ್ಲದಿದ್ದರೆ ಬೇರು ಇಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅಣ್ಣ ನಕ್ಕ. "ಹಾಗಾದ್ರೆ ನಮಗೆ ಬರಲಿ, ನಿಮಗೆ ಬೇಡ. ಸರೀನಾ?"

ನಮಗೆ, ನಿಮಗೆ. ಅವನು ಯೋಚಿಸಿ ಆಡಿದ ಮಾತಲ್ಲ. ನಾನು ಸರಿ ಎಂದೆ.

ಸಂಜೆ ಮಳೆ ಬಂತು. ಮರುದಿನ ಅಣ್ಣ ಅಪ್ಪನ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದ. ಕೆಂಪು ಮಣ್ಣು ಯಾವ ತಕರಾರೂ ಇಲ್ಲದೆ ಪುಡಿಪುಡಿಯಾಗಿ ಮಗುಚಿಕೊಳ್ಳುತ್ತಿತ್ತು. ನಾನು ಹುಟ್ಟಿದಾಗಿನಿಂದ ಓಡಾಡಿದ ನೆಲ ಅದು, ಈಗ ಅಣ್ಣನದು. ಬದುವಿನ ಮೇಲೆ ನಿಂತು ನೋಡುತ್ತಿದ್ದೆ, ಬೀರಮ್ಮನ ತೊಗರಿ ನೋಡಿದಾಗ ಉರಿದ ಹಾಗೆಯೇ ಹೊಟ್ಟೆ ಉರಿಯಿತು.