ಹೊಸ್ತಿಲಲ್ಲಿ ಸಿಕ್ಕಿಬಿದ್ದ ಕ್ರಿಯಾಪದ

ಐವತ್ತರ ದಶಕದ ಕೊನೆಯಲ್ಲಿ ನಾನು ಹಿಂದೂಪುರದ ಸೊಸೆ. ವಿದ್ವಾನ್ ಪರೀಕ್ಷೆಗೆ ಓದುತ್ತಿದ್ದ ನನಗೆ ಪ್ರಾಕೃತ ಹೇಳಿಕೊಡಲು ಕಲ್ಯಾಣದುರ್ಗದಿಂದ ಮೇಷ್ಟ್ರೊಬ್ಬರು ಭಾನುವಾರದ ಬಸ್ಸಿಗೆ ಬರುತ್ತಿದ್ದರು. ಒಂದು ಭಾನುವಾರವಿಡೀ 'ಹೋಗು' ಎಂಬ ಒಂದೇ ಕ್ರಿಯಾಪದದ ಪಾಠ. ಸಂಸ್ಕೃತದ 'ಗಚ್ಛತಿ' ಮಹಾರಾಷ್ಟ್ರಿ ಪ್ರಾಕೃತದಲ್ಲಿ 'ಗಚ್ಛಇ' ಆಯಿತಂತೆ, ಶೌರಸೇನಿಯಲ್ಲಿ 'ಗಚ್ಛದಿ', ಮಾಗಧಿಯಲ್ಲಿ 'ಗಶ್ಚದಿ'. ಸೀಮೆ ಸೀಮೆಗೂ ವೇಷ ಬದಲಿಸುವ ಆ ಪದದಿಂದ ನನಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಮೇಷ್ಟ್ರು ಗಡಿಯಾರ ನೋಡಿ, ಗಾಬರಿಯಲ್ಲಿ ಕೊಡೆ ಎತ್ತಿಕೊಂಡು, "ಹೋಗ್ತೀನಮ್ಮ" ಅಂದುಬಿಟ್ಟರು.

ನಮ್ಮ ಮನೆಯ ಹೊಸ್ತಿಲಲ್ಲಿ ಯಾರೂ ಆಡಬಾರದ ಮಾತು ಅದು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಹೋಯ್ತೀನಿ ಅನ್ನಾಕೆ ಇದೇನು ಸಾವಿನ ಮನೆನಾ ಮೇಷ್ಟ್ರೇ? ಕೂತ್ಕಂಡು ನೀರು ಕುಡೀರಿ. 'ಬತ್ತೀನಿ' ಅಂದು ಏಳಿ. ಇಲ್ಲಾ ತೆಲುಗಲ್ಲಿ 'ಪೋಯೊಸ್ತಾ' ಅನ್ನಿ, ಹೋಗಿ ಬತ್ತೀನಿ ಅಂತ."

ಮೇಷ್ಟ್ರು ಕೂತರು, ನೀರು ಕುಡಿದರು, ಎದ್ದರು. ಆದರೆ ಹಟಮಾರಿ ಮನುಷ್ಯ. ಮೀಸೆಯಲ್ಲೇ ನಕ್ಕು "ಗಚ್ಛಾಮಿ" ಅಂದರು. ಅತ್ತೆ ಅದನ್ನು ಮಂತ್ರವೆಂದುಕೊಂಡು ಕೈಮುಗಿದು ದಾರಿ ಬಿಟ್ಟರು.

ನಾನು ಸುಮ್ಮನಿರಬಹುದಿತ್ತು. ಬಾಯಿ ಕೇಳಬೇಕಲ್ಲ!

"ಅತ್ತೆಮ್ಮ, ಅದೂ ಹೋಯ್ತೀನಿ ಅಂತ್ಲೇ ಕಣಮ್ಮ."

ಅತ್ತೆ ಅವರನ್ನು ಬೀದಿಯ ಕೊನೆಯಿಂದ ಕೂಗಿ ಕರೆದು ಮತ್ತೆ ಕೂರಿಸಿ ನೀರು ಕುಡಿಸುವಷ್ಟರಲ್ಲಿ ಕಲ್ಯಾಣದುರ್ಗದ ಬಸ್ಸು ಹೊರಟುಹೋಗಿತ್ತು. ಮೇಷ್ಟ್ರು ನನ್ನನ್ನೇ ಒಂದು ಗಳಿಗೆ ನೋಡಿದರು. ಕೊಡೆಯನ್ನು ಮೂಲೆಗೆ ಒರಗಿಸಿ, ಮುಂದಿನ ಬಸ್ಸಿನ ಹೊತ್ತಿನವರೆಗೂ ಅದೇ ಕ್ರಿಯಾಪದದ ಭವಿಷ್ಯತ್ಕಾಲವನ್ನು ನನ್ನಿಂದ ಉರು ಹೊಡೆಸಿದರು.