ಬಲದ ಅಂಚು, ಎಡದ ಅಂಚು

ಟೆಕ್ಸಸ್ಸಿನ ನಮ್ಮ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ, ಜಪಾನಿನಲ್ಲಿ ಹಾಡಿ ಕುಣಿದು ಅತಿಥಿಗಳನ್ನು ರಂಜಿಸುವ ಗೇಶಾಗಳ ಬಗ್ಗೆ ಹತ್ತು ನಿಮಿಷದ ನೃತ್ಯರೂಪಕ ಮಾಡುತ್ತೇನೆ ಎಂದಾಗ ಸಮಿತಿಯ ಹಿರಿಯ ಆಂಟಿ ಫೋನಿನಲ್ಲೇ ದನಿ ತಗ್ಗಿಸಿದರು. "ಮಕ್ಕಳುಮರಿ ಕೂತಿರ್ತಾರೆ ಕಣಮ್ಮ. ಅಂಥ ಹೆಂಗಸರ ಕತೆ ಯಾಕೆ? ಕಿತ್ತೂರು ಚೆನ್ನಮ್ಮಂದು ಮಾಡು."

ನನಗೆ ಮೈಯೆಲ್ಲ ಉರಿಯಿತು. ಎರಡು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ ಎನ್ನುವುದು ಉರಿಗೆ ಇನ್ನೊಂದು ಕಾರಣ. ಕಾದಂಬರಿಗಳಲ್ಲಿ ನಾನು ಕಂಡಿದ್ದ ಗೇಶಾಗಳು ಒಂದೋ ಅಳುತ್ತಿದ್ದರು, ಇಲ್ಲವೇ ಯಾವನೋ ಗಂಡಸಿಗಾಗಿ ಕಾಯುತ್ತಿದ್ದರು. ಆಮೇಲೆ ಚರಿತ್ರೆ ಓದಿದೆ. ಮೊದಮೊದಲು ಆ ಹೆಸರು ಹೊತ್ತು ಹಾಡಿ ನಗಿಸುತ್ತಿದ್ದವರು ಗಂಡಸರು ಎಂದು ತಿಳಿದು ನನಗೇ ನಗು ಬಂತು. ಆಮೇಲೆ ಬಂದ ಹೆಂಗಸರು ತಾವಿದ್ದ ಗೇಶಾ ಮನೆಯ ಯಜಮಾನಿಯನ್ನು ಅಮ್ಮ ಎಂದೂ ತಮಗಿಂತ ಮುಂಚೆ ಬಂದವಳನ್ನು ಅಕ್ಕ ಎಂದೂ ಕರೆಯುತ್ತಿದ್ದರು. ಕೂದಲು ನೆರೆತರೂ ಬೆಳಗ್ಗೆ ಎದ್ದು ಪಾಠಕ್ಕೆ ಹೋಗುತ್ತಿದ್ದರು. ಬಡತನಕ್ಕೆ ಮಾರಿಹೋದ ಹುಡುಗಿಯರೂ ಅವರಲ್ಲಿದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಾನು ಓದಿದ ಕಾದಂಬರಿಕಾರರಿಗೆ ಅವರ ಕಣ್ಣೀರು ಸಿಕ್ಕಷ್ಟು ಸುಲಭವಾಗಿ ಅವರ ಅಭ್ಯಾಸ ಸಿಕ್ಕಿರಲಿಲ್ಲ.

"ಮಾಡೋದಾದ್ರೆ ಅದನ್ನೇ ಮಾಡ್ತೀನಿ ಆಂಟಿ," ಎಂದೆ. ಮೂರು ಫೋನುಗಳಾದ ಮೇಲೆ ಅವರು ಸೋತರು.

ಅಷ್ಟು ಹೊತ್ತಿಗೆ ನಾನು ಆಸ್ಟಿನ್ನಿನಲ್ಲಿದ್ದ ಜಪಾನಿ ನೃತ್ಯದ ಟೀಚರೊಬ್ಬರ ಹತ್ತಿರ ಮೂರು ತಿಂಗಳು ಕಲಿತಿದ್ದೆ. ಅವರಿಗೆ ಎಂಬತ್ತರ ಹತ್ತಿರ. ಹುಡುಗಿಯಾಗಿದ್ದಾಗ ಕ್ಯೋಟೊದಲ್ಲಿ ವಯಸ್ಸಾದ ಗೇಶಾ ಒಬ್ಬರಿಂದ ನೃತ್ಯ ಕಲಿತವರು. ಮದುವೆಯಾಗಿ ಟೆಕ್ಸಸ್ಸಿಗೆ ಬಂದರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು, ಮಕ್ಕಳಿರಲಿಲ್ಲ. ಪಾಠ ಹೇಳಿಕೊಡಿ ಎಂದು ಕೇಳಿದಾಗ ಎರಡು ಸಲ ಆಗುವುದಿಲ್ಲ ಎಂದಿದ್ದರು. "ಮುಖಕ್ಕೆ ಬಿಳಿ ಬಳಿದುಕೊಂಡು ಫೋಟೊ ತೆಗೆಸಿಕೊಳ್ಳೋಕೆ ಎಲ್ಲರೂ ಬರ್ತಾರೆ," ಎಂದರು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಮೂರನೆಯ ಸಲ ಹೋದಾಗ ಒಳಗೆ ಬಿಟ್ಟರು. ಅಲ್ಲಿಂದ ಪ್ರತಿ ಶನಿವಾರ ಬೆಳಗ್ಗೆ ಐದಕ್ಕೆ ನಮ್ಮೂರು ಫ್ಲವರ್ ಮೌಂಡ್ ಬಿಟ್ಟು, ಮೂರೂವರೆ ಗಂಟೆ ಡ್ರೈವ್ ಮಾಡಿ ಹೋಗುತ್ತಿದ್ದೆ. ಅವರು ಪ್ಯಾಂಟು ಸ್ವೆಟರಿನಲ್ಲಿ, ನಾನು ಚೂಡಿದಾರದಲ್ಲಿ. ಕೂರುವುದು, ಏಳುವುದು, ಬಾಗುವುದು, ಇಷ್ಟೇ ಪಾಠ. ಅವರು ನನ್ನ ಕೈಗೆ ನೃತ್ಯದ ಬೀಸಣಿಗೆ ಕೊಡುವ ದಿನಕ್ಕಾಗಿ ಕಾಯುತ್ತಿದ್ದೆ. ಕೊಟ್ಟರೆ ಶಿಷ್ಯೆ ಎಂದು ಒಪ್ಪಿದ ಹಾಗೆ.

ಕಾಯುವುದು ನನ್ನ ಜಾಯಮಾನವಲ್ಲ. ಹ್ಯೂಸ್ಟನ್ನಿಗೆ ಮದುವೆಗೆ ಹೋದಾಗ ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಬ್ಲೌಸ್ ಹೊಲಿಯುವವರ ಮುಂದೆ ನನ್ನ ಹಳೆಯ ಮೈಸೂರು ಸಿಲ್ಕ್ ಸೀರೆಯೊಂದನ್ನು ಹರಡಿ, ಮುಂದೆ ತೆರೆದಿರುವ ಜಪಾನಿ ನಿಲುವಂಗಿ ಕಿಮೋನೊ ಹೊಲಿದುಕೊಡಿ ಎಂದೆ. ಅವರು ನಾನು ತೋರಿಸಿದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ಹುಕ್ಕು ಎಲ್ಲಿ ಬರುತ್ತೆ ಮೇಡಂ?" ಎಂದರು. ಹುಕ್ಕಿಲ್ಲ ಎಂದಾಗ ನನ್ನ ಮೇಲಿದ್ದ ಗೌರವ ಕಡಿಮೆಯಾದ ಹಾಗೆ ಕಂಡಿತು.

ಹೊಲಿದದ್ದು ಮಾತ್ರ ಅಚ್ಚುಕಟ್ಟಾಗಿತ್ತು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ತೊಟ್ಟೆ. ಮೂವತ್ತು ವರ್ಷ ಸೀರೆ ಉಟ್ಟ ಕೈ ನನ್ನದು. ಸೆರಗು ಬಲದಿಂದ ಎಡಕ್ಕೆ ಹೋಗಬೇಕೆಂದು ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಬಲದ ಅಂಚನ್ನು ತಂದು ಎಡದ ಮೇಲೆ ಹೊದಿಸಿ, ಸೊಂಟಕ್ಕೆ ಪಟ್ಟಿ ಬಿಗಿದು, ಮಗಳ ಕೈಯಲ್ಲಿ ಫೋಟೊ ತೆಗೆಸಿ ಟೀಚರಿಗೆ ಕಳಿಸಿದೆ. ಭೇಷ್ ಅನ್ನುತ್ತಾರೆ ಎಂದು ಫೋನು ಹಿಡಿದೇ ಕೂತಿದ್ದೆ.

ಫೋನು ಬಂತು. "ಅದನ್ನು ಬಿಚ್ಚು," ಎಂದರು. "ಬದುಕಿರುವವರಿಗೆ ಎಡದ ಅಂಚು ಮೇಲೆ ಬರಬೇಕು. ಬಲದ ಅಂಚು ಮೇಲೆ ಹಾಕೋದು ಹೆಣಕ್ಕೆ. ನಮ್ಮಮ್ಮನಿಗೆ ನಾನೇ ಹಾಗೆ ತೊಡಿಸಿ ಕಳಿಸಿದ್ದೀನಿ." "ನೋಡಿ ಕಲಿಯೋದಕ್ಕೆ ಮುಂಚೆ ನೀನು ತೊಟ್ಟುಕೊಂಡೆ. ಇನ್ನು ಬರಬೇಡ."

ನಾಚಿಕೆಯಿಂದ ಸತ್ತೇ ಹೋದೆ. ಆಂಟಿಯ ಮುಂದೆ ಅಷ್ಟು ದೊಡ್ಡ ಬಾಯಿ ಮಾಡಿದವಳು ನಾನೇ. ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಮೂರನೆಯ ದಿನ ಆಂಟಿಗೆ ಫೋನ್ ಮಾಡಿದೆ. "ಈ ವರ್ಷ ಬೇಡ ಆಂಟಿ, ನನಗಿನ್ನೂ ಬರಲ್ಲ. ಮುಂದಿನ ವರ್ಷ ಮಾಡ್ತೀನಿ. ವಿಷಯ ಅದೇ." ಮೊದಲರ್ಧ ಕೇಳಿ ಅವರು ಬಿಟ್ಟ ನಿಟ್ಟುಸಿರು ಎರಡನೆಯ ಅರ್ಧಕ್ಕೆ ನಿಂತುಹೋಯಿತು.

ಶನಿವಾರ ಬೆಳಗ್ಗೆ ಐದಕ್ಕೆ ಎಂದಿನಂತೆ ಕಾರು ತೆಗೆದೆ. ಗಂಡ ಬಾಗಿಲಲ್ಲಿ ನಿಂತು, "ಬರಬೇಡ ಅಂದಿದಾರಲ್ಲೇ?" ಎಂದ. "ಅವರು ಅಂದಿದಾರೆ, ನಾನು ಒಪ್ಪಿಲ್ಲ," ಎಂದೆ.

ಟೀಚರ್ ಬಾಗಿಲು ತೆರೆದರು, ಬಾ ಎನ್ನಲಿಲ್ಲ. ಮೂಲೆಯೊಂದನ್ನು ತೋರಿಸಿದರು, ಅಷ್ಟೇ. ಹೊಸದಾಗಿ ಬಂದ ಗೇಶಾ ಹುಡುಗಿಯರನ್ನು ಮೊದಲು ಹೀಗೆಯೇ ಕೂರಿಸುತ್ತಿದ್ದರಂತೆ. ಮಾತಿಲ್ಲ, ಪ್ರಶ್ನೆಯಿಲ್ಲ, ಅಕ್ಕಂದಿರನ್ನು ನೋಡುತ್ತಾ ಕೂರಬೇಕು. ಅದನ್ನು ಪುಸ್ತಕದಲ್ಲಿ ಓದಿ ಎಷ್ಟು ಚೆಂದ ಎಂದುಕೊಂಡಿದ್ದೆ. ಐವತ್ತೆರಡರ ಮಂಡಿ ಮಡಚಿ ಕೂತಾಗ ಅದರ ಚೆಂದ ತಿಳಿಯಿತು. ಅವರು ಒಬ್ಬರೇ ಅಭ್ಯಾಸ ಮಾಡುತ್ತಿದ್ದರು, ನಾನು ನೋಡುತ್ತಿದ್ದೆ. ಹೀಗೆ ಐದು ಶನಿವಾರ. ನಡುವೆ ಯುಗಾದಿಯೂ ಬಂದು ಹೋಯಿತು.

ಆರನೆಯ ಶನಿವಾರ ಅವರು ಬೀರುವಿನಿಂದ ಬಿಳಿ ಕಿಮೋನೊ ಒಂದನ್ನು ತಂದು ಚಾಪೆಯ ಮೇಲೆ ಬಿಡಿಸಿ ಹರಡಿದರು. "ಅಂಚು ಮುಚ್ಚು," ಎಂದರು. ಈ ಸಲ ಎಚ್ಚರ ತಪ್ಪಲಿಲ್ಲ. ಬಲದ ಅಂಚನ್ನು ಮೊದಲು ಒಳಗೆ ಮಡಚಿ, ಎಡದ್ದನ್ನು ಅದರ ಮೇಲೆ ತಂದು, ತಲೆ ಎತ್ತಿ ನೋಡಿದೆ.

ಅವರು ಅಡ್ಡಡ್ಡ ತಲೆಯಾಡಿಸಿದರು. "ಇದಕ್ಕೆ ಹಾಗಲ್ಲ. ಇದಕ್ಕೆ ಬಲದ್ದೇ ಮೇಲೆ ಬರಬೇಕು."

ಅದು ಯಾರಿಗೆ ಎಂದು ಆಗ ಹೊಳೆಯಿತು.

"ನನಗೆ ತೊಡಿಸೋಕೆ ಈ ಊರಲ್ಲಿ ಯಾರಿಗೂ ಬರಲ್ಲ," ಎಂದರು. "ಇವತ್ತು ಕಲಿತುಕೋ."

ಅಂಚು ಬಿಡಿಸಿದೆ. ಎಡದ್ದನ್ನು ಕೆಳಗಿಟ್ಟು ಬಲದ್ದನ್ನು ಮೇಲೆ ತಂದೆ. ಅಭ್ಯಾಸದ ಕೈಗೆ ಸಲೀಸಾದ ಕೆಲಸ ಅದು, ಆದರೂ ಬಟ್ಟೆ ನೆಟ್ಟಗೆ ಕೂರಲಿಲ್ಲ. ನೆರಿಗೆ ಬಿದ್ದಿದೆ, ಮತ್ತೆ ಮಾಡು ಎಂದರು. ಮತ್ತೆ ಮಾಡಿದೆ. ಮೂರನೆಯ ಸಲ ಅವರೇ ಬಾಗಿ ಕತ್ತಿನ ಪಟ್ಟಿಯನ್ನು ಒಮ್ಮೆ ಸವರಿ ನೋಡಿದರು. ಆಮೇಲೆ ಅದನ್ನು ಮಡಚಿ ಬೀರುವಿನಲ್ಲಿಟ್ಟು, ಮೇಲಿನ ಖಾನೆಯಿಂದ ಬೀಸಣಿಗೆ ತೆಗೆದು ನನ್ನ ಕೈಗೆ ಕೊಟ್ಟರು.

"ಕಣ್ಣು ಒರೆಸಿಕೋ," ಎಂದರು. "ಎದ್ದು ನಿಲ್ಲು. ಹೊತ್ತಾಯಿತು."