ಸೊಂಟದಲ್ಲಿ ಬೀಗದಕೈ, ಎದುರಿಗೆ ಎಡಕಲ್ಲು ಗುಹೆ

ಬೆಳಗಿನ ಜಾವ ಮೂರಕ್ಕೆ ಎದ್ದೆ. ಬಾಗಿಲಿಗೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಬಿಟ್ಟೆ. ಸ್ನಾನ ಮಾಡಿ ದೇವರಿಗೆ ಹೂವಿಟ್ಟೆ. ಚಿನ್ನದ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಸುತ್ತಿಗೆ ಇಕ್ಕಳಕ್ಕೆ ಒಂದೊಂದು ಎಸಳು ಏರಿಸಿದೆ. ಹಾಲು ಕಾಯಿಸಿ ಅತ್ತೆಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಟ್ಟೆ. ಯಜಮಾನರ ಬಿಪಿ ಮಾತ್ರೆಯನ್ನು ಲೋಟದ ಪಕ್ಕ ಇಟ್ಟೆ. ಚಿತ್ರಾನ್ನ ಕಲಸಿ ಡಬ್ಬಿಗೆ ಹಾಕಿದೆ. ಒಣಗಿದ ಬಟ್ಟೆ ಮಡಿಸಿದೆ. ಗ್ಯಾಸ್ ಆಫ್ ಮಾಡಿದೆ, ಮತ್ತೊಂದು ಸಲ ಹೋಗಿ ನೋಡಿದೆ. ಹಿತ್ತಲ ಬಾಗಿಲ ಚಿಲಕ ಹಾಕಿ ನಾಲ್ಕೂವರೆಗೆ ಬೀದಿಗೆ ಇಳಿದೆ.

ಆದರೂ ಬಸ್ಸು ಪಾಂಡವಪುರ ದಾಟುವ ಹೊತ್ತಿಗೆ ಏನೋ ಬಿಟ್ಟು ಬಂದಿದ್ದೇನೆ ಅನ್ನಿಸತೊಡಗಿತು. ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೋಗುವಾಗ ಎಲ್ಲವನ್ನೂ ಬೆರಳು ಮಡಿಸಿ ಎಣಿಸಿದೆ. ಗ್ಯಾಸು, ಮಾತ್ರೆ, ಚಿಲಕ, ಫ್ಲಾಸ್ಕು. ಎಲ್ಲ ಸರಿಯಾಗೇ ಇತ್ತು.

"ಅದೇನಕ್ಕ ಬೆರಳು ಎಣಿಸ್ತಾ ಕುಂತಿದ್ದೀಯ? ಮೊಮ್ಮಕ್ಕಳನ್ನಾ?" ಅಂದಳು ಪಕ್ಕದಲ್ಲಿ ಕೂತಿದ್ದ ಎದುರುಮನೆಯಾಕೆ. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವಳು. ಹುಟ್ಟಿದ್ದು ಹೊಣಕೆರೆ ಕಡೆ. ಬಾಯಿ ಜೋರು, ಕೈ ಅದಕ್ಕಿಂತ ಧಾರಾಳ.

ಕೆ.ಆರ್. ಪೇಟೆಯ ನಮ್ಮ ಬೀದಿಯ ಹದಿನೆಂಟು ಹೆಂಗಸರು ಸೇರಿ ಹೊರಟಿದ್ದ ಪ್ರವಾಸ ಅದು. ಗಡಿಯಾಚೆ ಕೇರಳದ ವಯನಾಡಿಗೆ ಹೋಗಿ ಒಂದೇ ದಿನದಲ್ಲಿ ಊರು, ಕೋಟೆ, ಗುಹೆ ಮೂರನ್ನೂ ನೋಡಿ ವಾಪಸ್ ಬರುವುದು. ಮೈಸೂರಿನಲ್ಲಿ ಹತ್ತಿದ ಗೈಡು ಕೊರಳಿಗೆ ಪೀಪಿ ನೇತುಹಾಕಿಕೊಂಡಿದ್ದ. ನಾವು ಇಳಿದಾಗೊಮ್ಮೆ ಹತ್ತಿದಾಗೊಮ್ಮೆ ನಮ್ಮ ತಲೆಗಳನ್ನು ಕೋಳಿಮರಿ ಎಣಿಸುವ ಹಾಗೆ ಎಣಿಸುತ್ತಿದ್ದ.

ಗುಂಡ್ಲುಪೇಟೆ ದಾಟಿ ರಸ್ತೆ ಬದಿಯ ಹುಣಸೆಮರದ ಕೆಳಗೆ ಎಲ್ಲರೂ ಡಬ್ಬಿ ಬಿಚ್ಚಿದರು. ನಾನು ಎರಡು ತುತ್ತು ತಿಂದು ಡಬ್ಬಿ ಮುಚ್ಚಿದೆ. ಕಾಡು ದಾಟಿದೆವು. ಅಂಗಡಿ ಬೋರ್ಡುಗಳ ಅಕ್ಷರ ಬದಲಾಯಿತು. ಸುಲ್ತಾನ್ ಬತ್ತೇರಿಯಲ್ಲಿ ಇಳಿದಾಗ ಹತ್ತು ಗಂಟೆ ಆಗಿತ್ತು.

ಗೈಡು ಮೊದಲು ಹಳೆಯ ಜೈನ ಗುಡಿ ತೋರಿಸಿದ. ಕಲ್ಲಿನ ಕಂಬಗಳು, ತಣ್ಣನೆಯ ನೆಲ. ನಮ್ಮ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿ ನೋಡಿದ ಕಣ್ಣಿಗೆ ಇದು ಸಾದಾ ಅನ್ನಿಸಿತು. ಆದರೆ ಚೊಕ್ಕಟವಾಗಿತ್ತು. ಸುಲ್ತಾನರ ಕಾಲದಲ್ಲಿ ಇಲ್ಲಿ ಮದ್ದುಗುಂಡು ಇಡುತ್ತಿದ್ದರಂತೆ, ಇಂಗ್ಲಿಷಿನವರು ಅದನ್ನು 'ಬ್ಯಾಟರಿ' ಅಂದು ಅಂದು ಊರಿಗೆ ಬತ್ತೇರಿ ಅಂತ ಹೆಸರು ಬಂತಂತೆ.

"ಅಲ್ಲ ಕಣಪ್ಪ, ಸುಲ್ತಾನರ ಮದ್ದಿನಮನೆ ನಮ್ಮ ಶ್ರೀರಂಗಪಟ್ಟಣದಲ್ಲೇ ಬೇಕಾದಷ್ಟವೆ. ಅದನ್ನ ನೋಡಕ್ಕೆ ಕಾಡು ದಾಟಿ ಬರಬೇಕಿತ್ತಾ?" ಅಂದಳು ಎದುರುಮನೆಯಾಕೆ.

"ಅಮ್ಮಾವ್ರೆ, ಕೋಟೆ ಇನ್ನೂ ಇದೆ, ಬನ್ನಿ."

ಕೋಟೆ ಇರಲಿಲ್ಲ. ಒಂದು ತಿರುವಿನಲ್ಲಿ ನಿಲ್ಲಿಸಿ ಎರಡೂ ಕೈ ಅಗಲಿಸಿದ. "ಈ ಅಂಗಡಿ, ಈ ಆಫೀಸು ಎಲ್ಲಾ ನಿಂತಿರೋ ಜಾಗದಲ್ಲೇ ಕೋಟೆ ಇತ್ತು."

"ಇತ್ತಾ? ನಮ್ಮ ಮಾವನ ಮನೇಲಿ ಆನೆ ಇತ್ತು ಅನ್ನಂಗಾಯ್ತು!" ಅಂದಳು ಎದುರುಮನೆಯಾಕೆ.

ಎಲ್ಲರೂ ನಕ್ಕರು. ಪಾಪ, ಗೈಡೂ ನಕ್ಕ. ನಾನು ನಗುತ್ತಲೇ ಮನಸ್ಸಿನಲ್ಲಿ ಮತ್ತೆ ಚಿಲಕ ಹಾಕುತ್ತಿದ್ದೆ, ಗ್ಯಾಸು ತಿರುಗಿಸುತ್ತಿದ್ದೆ.

ಎಡಕಲ್ಲು ಗುಹೆ ಅಲ್ಲಿಂದ ಅರ್ಧ ಗಂಟೆಯ ದಾರಿ. ಬಸ್ಸು ಬೆಟ್ಟದ ಕೆಳಗೇ ನಿಲ್ಲುತ್ತದೆ. ಅಲ್ಲಿಂದ ಏರು ರಸ್ತೆಯಲ್ಲಿ ನಡೆದು, ಆಮೇಲೆ ಮೆಟ್ಟಿಲು ಹತ್ತಬೇಕು. ಬೇಸಿಗೆ ರಜೆಯಾದ್ದರಿಂದ ಜನವೋ ಜನ. ಅರ್ಧ ಮೆಟ್ಟಿಲು ಹತ್ತಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಾಗ ಫೋನು ಬಂತು. ಹನ್ನೆರಡೂ ಕಾಲು ಗಂಟೆ. ಯಜಮಾನರು.

"ಲೇ, ಪೆಟ್ಟಿಗೆ ಕೀ ಎಲ್ಲಿಟ್ಟಿದ್ದೀಯ?"

"ಅತ್ತೆ ಹತ್ರ..." ಅನ್ನುತ್ತಲೇ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬೀಗದಕೈ ಅಲ್ಲೇ ಇತ್ತು.

ನಮ್ಮದು ಚಿನ್ನದ ಕೆಲಸದ ಮನೆ. ಮನೆಯ ಗಂಡಸು ಚಿನ್ನ ಮುಟ್ಟಬಹುದು, ಬೀಗದಕೈ ಮುಟ್ಟುವಂತಿಲ್ಲ. ಅದು ಮನೆಯ ಹೆಂಗಸಿನ ಸೊಂಟದಲ್ಲಿರಬೇಕು, ನಾನು ಊರು ಬಿಟ್ಟರೆ ಅತ್ತೆಯ ಸೊಂಟಕ್ಕೆ ಹೋಗಬೇಕು. ಊರವರು ನಂಬಿ ಕೊಟ್ಟ ಬಂಗಾರಕ್ಕೆ ಇಬ್ಬರು ಸಾಕ್ಷಿ ಇರಲಿ ಅಂತ ಹಿರಿಯರು ಮಾಡಿದ ಕ್ರಮ. ದಿನಾ ಬೆಳಿಗ್ಗೆ ನಾನು ಪೆಟ್ಟಿಗೆ ತೆಗೆದು ಆ ದಿನದ ಕೆಲಸದ ಚಿನ್ನ ಎತ್ತಿಕೊಡುತ್ತೇನೆ, ಅವರು ಕೂತು ಕೆಲಸ ಮಾಡುತ್ತಾರೆ. ಇನ್ನೊಂದು ಕೀ ಮಾಡಿಸಿಲ್ಲ. ಎರಡು ಕೀ ಇದ್ದರೆ ಎರಡು ಅನುಮಾನ ಅನ್ನುತ್ತಿದ್ದರು ನಮ್ಮ ಮಾವ. ಇಪ್ಪತ್ತೆರಡು ವರ್ಷದಿಂದ ಅದು ನನ್ನ ಸೊಂಟದಲ್ಲೇ ಇದ್ದು ಇದ್ದು ಅದರ ಭಾರವೇ ನನಗೆ ತಿಳಿಯುವುದಿಲ್ಲ. ಬೆಳಿಗ್ಗೆಯಿಂದ ಎಣಿಸಿದ ಲೆಕ್ಕದಲ್ಲಿ ಅದು ಬಾರದೆ ಹೋದದ್ದು ಅದಕ್ಕೇ.

ಆ ಪೆಟ್ಟಿಗೆಯಲ್ಲಿ ಒಂದು ತಾಳಿ ಇತ್ತು. ಬೂಕನಕೆರೆಯ ರೈತರ ಮನೆಯದು. ಮೂರು ತಲೆಮಾರಿನಿಂದ ಅವರ ಮನೆಯ ತಾಳಿ ನಮ್ಮ ಮನೆಯಲ್ಲೇ ಆಗುತ್ತದೆ. ಹೊಸ ಚಿನ್ನ ತಂದು, ವೀಳ್ಯ ಇಟ್ಟು, ಕಣ್ಣೆದುರಿಗೇ ಕರಗಿಸಿಕೊಂಡು ಹೋಗುವ ಮಂದಿ ಈಗ ನಮಗೆ ಉಳಿದಿರುವುದು ಅವರದೊಂದೇ ಮನೆ. ಉಳಿದವರೆಲ್ಲ ಮೈಸೂರಿನ ದೊಡ್ಡ ಅಂಗಡಿಗಳ ಕಡೆ ಮುಖ ಮಾಡಿ ಬಹಳ ಕಾಲವಾಯಿತು. ಭಾನುವಾರ ಅವರ ಮಗನ ಧಾರೆ. ಶನಿವಾರ ಅವರು ತಾಳಿ ಮನೆಗೆ ತರುವುದಿಲ್ಲ. ಹಾಗಾಗಿ ಆವತ್ತು ಶುಕ್ರವಾರವೇ ಸಂಜೆ ಬರುತ್ತೇವೆ ಅಂದಿದ್ದರು. ನಮ್ಮ ಮನೆಯಲ್ಲೋ ಮುಸ್ಸಂಜೆ ದೀಪ ಹಚ್ಚಿದ ಮೇಲೆ ಒಂದು ಗುಲಗಂಜಿ ಚಿನ್ನವನ್ನೂ ಹೊಸಿಲು ದಾಟಿಸುವುದಿಲ್ಲ. ಯಜಮಾನರು ರಾಹುಕಾಲ ಕಳೆಯಲಿ ಅಂತ ಹನ್ನೆರಡರವರೆಗೆ ಕಾದು, ತಾಳಿಗೆ ಅರಿಶಿನದ ದಾರ ಪೋಣಿಸೋಣ ಅಂತ ಕೀ ಕೇಳಿದ್ದರು.

"ಸೊಂಟದಲ್ಲೇ ಐತೆ," ಅಂದೆ.

ಆ ಕಡೆ ಪೆಟ್ಟಿಗೆಯ ಬೀಗ ಒಮ್ಮೆ ಅಲುಗಿದ ಸದ್ದು ಕೇಳಿಸಿತು.

"ಬೀಗ ಒಡೆಸಿದ್ರೆ?" ಅಂತ ಕೇಳಿದೆ.

"ಊರವರ ಚಿನ್ನ ಇರೋ ಪೆಟ್ಟಿಗೆ ಒಡೆಸ್ದ ಅಂತ ಒಂದ್ಸಲ ಮಾತೆದ್ರೆ ಮುಗೀತು ಕಣೆ. ಸರಿ ಬಿಡು." ಫೋನಿಟ್ಟರು.

ಅವರು ಬೈದಿದ್ದರೆ ವಾಸಿಯಿತ್ತು. ಆ 'ಸರಿ ಬಿಡು' ಎದೆಯಲ್ಲಿ ಕೂತುಬಿಟ್ಟಿತು.

ಕೆಳಗಿಳಿಯಲು ತಿರುಗಿದೆ. ಮೆಟ್ಟಿಲ ತುಂಬ ಜನ ಮೇಲಕ್ಕೇ ನುಗ್ಗುತ್ತಿದ್ದರು. ಕಾವಲಿನವನು ಕೈ ಅಡ್ಡ ಹಿಡಿದ. ಹತ್ತುವ ದಾರಿ ಇದು, ಇಳಿಯುವುದು ಗುಹೆಯ ಆಚೆಯಿಂದ ಅಂತ ಸನ್ನೆ ಮಾಡಿದ. ಗೈಡೂ ಬಂದ. "ಅಮ್ಮಾವ್ರೆ, ಎಲ್ಲಾ ನೋಡಿ ಎರಡು ಗಂಟೆಗೆ ಇಳೀತೀವಿ. ಊಟ ಆದ್ಮೇಲೆ ಪೇಟೇಲಿ ಶಾಪಿಂಗು. ರಾತ್ರಿ ಒಂಬತ್ತಕ್ಕೆ ನಿಮ್ಮೂರು."

"ಒಂಬತ್ತಕ್ಕೆ ಹೋಗಿ ನಾನೇನು ಮಾಡ್ಲಿ? ನನ್ನ ಬಸ್ ಸ್ಟ್ಯಾಂಡಿಗೆ ಬಿಡಪ್ಪ, ಒಬ್ಬಳೇ ಹೋಗ್ತೀನಿ."

"ಒಬ್ರನ್ನೇ ಕಳ್ಸಕ್ಕಾಗಲ್ಲ. ಲೆಕ್ಕ ನನ್ನ ತಲೆ ಮೇಲಿದೆ."

"ಒಬ್ಬಳೇ ಯಾಕೆ, ನಾನಿಲ್ವಾ?" ಅಂದಳು ಎದುರುಮನೆಯಾಕೆ. "ಲೆಕ್ಕದಲ್ಲಿ ಎರಡು ಕಮ್ಮಿ ಬರ್ಕೊ. ಹದಿನಾರು ಬಂದ್ರೆ ಸರಿ, ಹದಿನೇಳು ಬಂದ್ರೆ ಒಬ್ಬಳು ಮಲಯಾಳಿ ಸೇರ್ಕೊಂಡವ್ಳೆ ಅಂತ ತಿಳ್ಕೊ."

ಹೀಗಾಗಿ, ಇಳಿಯುವುದಕ್ಕೋಸ್ಕರ ನಾನು ಗುಹೆಯೊಳಗೆ ಹೋದೆ. ಎರಡು ದೊಡ್ಡ ಬಂಡೆಗಳ ನಡುವೆ ಮೂರನೆಯದೊಂದು ಬಿದ್ದು ಸಿಕ್ಕಿಕೊಂಡಿದೆ. ಅದೇ ಚಾವಣಿ. ಗೋಡೆಯ ತುಂಬ ಕೆತ್ತಿದ ಗೀರುಗಳು. ದೊಡ್ಡ ತಲೆಯ ಮನುಷ್ಯರು, ಚಕ್ರದಂಥವು, ಒಂದರ ಮೇಲೊಂದು. ಸಾವಿರಾರು ವರ್ಷದ್ದು ಅಂತ ಗೈಡು ಹೇಳುತ್ತಿದ್ದ. ಬೇರೆ ದಿನವಾಗಿದ್ದರೆ ಈ ಗೀರು ಯಾವ ಉಳಿಯಲ್ಲಿ ಹಾಕಿದ್ದಾರು, ಕೈ ಎಷ್ಟು ಸ್ಥಿರವಿತ್ತು ಅಂತ ನೋಡುತ್ತಾ ನಿಲ್ಲುತ್ತಿದ್ದೆನೇನೋ. ಆವತ್ತು ಜನರ ಬೆನ್ನುಗಳನ್ನಷ್ಟೇ ನೋಡಿದೆ. ಫೋಟೋ ತೆಗೆಸಿಕೊಳ್ಳುವವರ ನಡುವೆ "ದಾರಿ ಬುಡಿ, ದಾರಿ ಬುಡಿ" ಅಂತ ಎದುರುಮನೆಯಾಕೆ ಹಸು ಅಟ್ಟುವ ಹಾಗೆ ಮುಂದೆ ಮುಂದೆ ಹೋದಳು. ಯಾರಿಗೂ ಮಾತು ಅರ್ಥವಾಗಲಿಲ್ಲ, ಆದರೂ ದಾರಿ ಬಿಟ್ಟರು.

ಆಟೋ ಹಿಡಿದು ಬತ್ತೇರಿಗೆ ಬಂದಾಗ ಎರಡು ಗಂಟೆ. ಮೈಸೂರಿನ ಬಸ್ಸು ಹೊರಟದ್ದು ಎರಡೂ ಕಾಲಿಗೆ. ಸೀಟಿನ ತುದಿಯಲ್ಲೇ ಕೂತಿದ್ದೆ, ನಾನು ಮುಂದಕ್ಕೆ ಬಾಗಿದರೆ ಬಸ್ಸು ಬೇಗ ಹೋದೀತು ಅನ್ನುವ ಹಾಗೆ. ಕಾಡಿನಲ್ಲಿ ಉಬ್ಬು ಬಂದಾಗಲೆಲ್ಲ ಬಸ್ಸು ನಿಧಾನವಾಗುತ್ತಿತ್ತು. ಒಂದೊಂದು ಉಬ್ಬಿಗೂ ನನ್ನ ಕೈ ಸೊಂಟಕ್ಕೆ ಹೋಗುತ್ತಿತ್ತು.

"ಅದೆಲ್ಲಿಗೂ ಓಡೋಗಕಿಲ್ಲ ಬುಡಕ್ಕ. ಬೆಳಿಗ್ಗೆ ಇಷ್ಟು ಸಲ ಮುಟ್ಕೊಂಡಿದ್ರೆ ಗುಹೆನಾದ್ರೂ ನೆಟ್ಟಗೆ ನೋಡ್ತಿದ್ದೆ."

ಅವಳು ಹೇಳಿದ್ದು ನಿಜ. ನನಗೆ ಅಳು ಬಂತು. ಅವಳು ಕಿಟಕಿ ಕಡೆ ತಿರುಗಿ, "ಬಾಳೆಕಾಯಿ ಚಿಪ್ಸೂ ತಗಳಲಿಲ್ಲ, ನಮ್ಮ ಸೊಸೆ ಬಾಗಿಲಲ್ಲೇ ಕಾಯ್ತಿರ್ತಾಳೆ," ಅಂತ ಬೇರೆ ಮಾತು ತೆಗೆದಳು.

ನಂಜನಗೂಡಿನ ಹತ್ತಿರ ಯಜಮಾನರಿಗೆ ಫೋನು ಮಾಡಿದೆ. ಬೂಕನಕೆರೆಯವರು ಆಗಲೇ ಬಂದಿದ್ದರು. ಮದುವೆ ಗಂಡಿನ ಅಪ್ಪ, ಚಿಕ್ಕಪ್ಪ, ಇಬ್ಬರೂ. ಹಿಂದಿನಿಂದ ಚಿಕ್ಕಪ್ಪನ ಗಂಟಲು ಕೇಳಿಸಿತು. "ಬುಡಣ್ಣ, ಮೈಸೂರಲ್ಲಿ ರಾತ್ರಿವರ್ಗೂ ಅಂಗಡಿ ತೆಗ್ದಿರ್ತಾವೆ. ಕಾರು ಐತೆ. ಒಂದು ರೆಡಿಮೇಡು ತಂದ್ಬುಡಾನ."

"ಅದಕ್ಕೆ ಗಂಡಿನ ಅಪ್ಪ ಏನಂದ್ರು?" ಅಂತ ಕೇಳಿದೆ.

"ದೀಪ ಹಚ್ಚೋವರೆಗೂ ಕಾಯ್ತೀನಿ ಅಂದವ್ರೆ," ಅಂದರು ಯಜಮಾನರು. ದನಿ ಸಣ್ಣಗಾಗಿತ್ತು.

ಮೈಸೂರಿನಲ್ಲಿ ಓಡಿ ಇನ್ನೊಂದು ಬಸ್ಸು ಹಿಡಿದಾಗ ಐದೂ ಮುಕ್ಕಾಲು. ಶ್ರೀರಂಗಪಟ್ಟಣಕ್ಕೆ ಬರುವಾಗ ಹೊಳೆ ಮೇಲೆ ಬಿಸಿಲು ಕೆಂಪಗಾಗಿತ್ತು. ಪಾಂಡವಪುರದಲ್ಲಿ ಅಂಗಡಿಗಳ ದೀಪ ಒಂದೊಂದೇ ಹತ್ತಿಕೊಂಡವು. ಹೂವಿನವಳೊಬ್ಬಳು ಬಲ್ಬು ಹಾಕಿ ಅದಕ್ಕೆ ಕೈ ಮುಗಿದದ್ದನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಯಜಮಾನರಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಹೊರಗೆ ಕತ್ತಲಾಗುತ್ತಾ ಹೋಯಿತು. ಮೈಸೂರಿನ ಕಡೆ ಹೋಗುವ ಕಾರುಗಳ ಬೆಳಕು ಎದುರಿಗೆ ಬಂದಾಗಲೆಲ್ಲ ಇದರಲ್ಲೇ ಅವರು ಹೋಗುತ್ತಿದ್ದಾರು ಅನ್ನಿಸುತ್ತಿತ್ತು.

ಊರಿನಲ್ಲಿ ಇಳಿದಾಗ ಏಳೂಕಾಲು ದಾಟಿತ್ತು. ನಮ್ಮ ಬೀದಿಯ ಎಲ್ಲ ಮನೆಯಲ್ಲೂ ದೀಪ. ನಮ್ಮದೊಂದು ಮನೆ ಮಾತ್ರ ಕತ್ತಲು.

ಜೀವ ಹಾರಿಹೋಯಿತು. ಯಾರಿಗೆ ಏನಾಯಿತೋ ಅಂತ ಚಪ್ಪಲಿ ಬಿಟ್ಟದ್ದೂ ಗೊತ್ತಾಗದೆ ಓಡಿದೆ. ಜಗಲಿಯ ಮೇಲೆ ಎರಡು ಆಕಾರ ಕೂತಿದ್ದವು. ಒಳಗೆ ಯಾರೋ ಕೆಮ್ಮಿದರು.

"ಬಂದ್ಯಾ?" ಅತ್ತೆಯ ದನಿ, ನಡುಮನೆಯ ಕತ್ತಲಿಂದ. "ಕಾಲು ತೊಳ್ಕೊಂಡು ಬಾ ಕಣವ್ವ. ನಮ್ಮನೇಲಿ ಇನ್ನೂ ಹೊತ್ತು ಮುಳುಗಿಲ್ಲ."

ದೇವರ ಮುಂದೆ ಎಣ್ಣೆ ಹಾಕಿ, ಬತ್ತಿ ನೆನೆಸಿ, ಬೆಂಕಿಪೊಟ್ಟಣ ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದರು. ದೀಪ ಹಚ್ಚಿದರೆ ತಾನೇ ಚಿನ್ನ ಹೊರಗೆ ಹೋಗಬಾರದು? ಹಚ್ಚಿಯೇ ಇಲ್ಲ. ಸ್ವಿಚ್ಚನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಎಪ್ಪತ್ತೆಂಟು ವರ್ಷದ ಆಯಸ್ಸಿನಲ್ಲಿ ಮುಸ್ಸಂಜೆಗೆ ದೀಪ ಹಚ್ಚದೆ ಕೂತದ್ದು ಅದೊಂದೇ ದಿನ ಅಂತ ಆಮೇಲೆ ಹೇಳಿದರು. ಸೈಲೆಂಟಿಗೆ ಹಾಕಿದ್ದ ಫೋನನ್ನು ಎಲ್ಲಿಟ್ಟೆ ಅಂತ ಕತ್ತಲಲ್ಲಿ ಯಜಮಾನರಿಗೆ ಗೊತ್ತಾಗಿರಲಿಲ್ಲವಂತೆ.

ಪೆಟ್ಟಿಗೆಯ ಬೀಗ ನನ್ನ ಕೈಗೆ ಅಭ್ಯಾಸ, ಕತ್ತಲಲ್ಲೇ ತೆಗೆದೆ. ಒಳಗಿನ ಸಣ್ಣ ಡಬ್ಬಿಗಳಲ್ಲಿ ಯಾವುದು ಯಾವುದೆಂದು ತಿಳಿಯಲಿಲ್ಲ. ಗಂಡಿನ ಚಿಕ್ಕಪ್ಪ ಬಾಗಿಲಲ್ಲಿ ನಿಂತು ಮೊಬೈಲು ಎತ್ತಿದ. "ಅಜ್ಜೀ, ಟಾರ್ಚು ಬುಡ್ಲಾ? ಅದೂ ದೀಪದ ಲೆಕ್ಕಕ್ಕೆ ಬತ್ತದಾ?"

ಅತ್ತೆ ಕೂತಲ್ಲಿಂದಲೇ ತೀರ್ಪು ಕೊಟ್ಟರು. "ಬಲ್ಬು ಹಾಕುದ್ರೆ ಕೈ ಮುಗೀತೀವಿ. ಟಾರ್ಚಿಗೆ ಯಾರಾರ ಕೈ ಮುಗೀತಾರೇನ್ಲಾ? ಬುಡು ಬುಡು."

ಆ ಬೆಳಕಿನಲ್ಲಿ ಯಜಮಾನರು ದಾರ ಪೋಣಿಸಿದರು. ಮೂರು ಸಲ ತಪ್ಪಿ ನಾಲ್ಕನೆಯ ಸಲ ಹೋಯಿತು. ಅಕ್ಕಿ, ಬೆಲ್ಲ, ವೀಳ್ಯದೆಲೆಯ ತಟ್ಟೆಯಲ್ಲಿಟ್ಟು ಕೊಟ್ಟರು. ಗಂಡಿನ ಅಪ್ಪ ಹೆಗಲ ಮೇಲಿನ ಟವಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಈಸಿಕೊಂಡು ಕಣ್ಣಿಗೊತ್ತಿಕೊಂಡರು.

"ತಪ್ಪು ನನ್ನದು ಕಣಪ್ಪ, ಹೊತ್ತು ಮೀರಿಸಿಬಿಟ್ಟೆ," ಅಂದೆ.

"ಎಲ್ಲಿ ಮೀರ್ತು? ಹಚ್ಚಿಲ್ವಲ್ಲ," ಅಂದರು ಅವರು. ತಮ್ಮನ ಕಡೆ ತಿರುಗಿ, "ನಿನ್ನ ರೆಡಿಮೇಡು ನಿನ್ನ ಮಗನಿಗೆ ತಂದ್ಕೊ ಕಣ್ಲಾ," ಅಂದರು.

"ನನ್ನ ಮಗನಿಗೂ ಇಲ್ಲೇ ಮಾಡಿಸ್ತೀನಿ. ಆದ್ರೆ ಅಕ್ಕನ್ನ ಪ್ರವಾಸಕ್ಕೆ ಮಾತ್ರ ಕಳಿಸಬ್ಯಾಡಿ," ಅಂದ ಅವನು.

ಅವರು ಹೊಸಿಲು ದಾಟಿ ಬೀದಿಗೆ ಇಳಿಯುವವರೆಗೂ ಅತ್ತೆ ಕಾದರು. ಆಮೇಲೆ ಕಡ್ಡಿ ಗೀರಿದರು. ಮೂವರೂ ಕೈ ಮುಗಿದೆವು. ಯಜಮಾನರು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ನಾನು ಅನ್ನಕ್ಕಿಟ್ಟೆ.

ಬಿಸಿ ಅನ್ನ, ಟೊಮೊಟೊ ಗೊಜ್ಜು, ಸುಟ್ಟ ಹಪ್ಪಳ. ನಾನು ಎರಡು ಸಲ ಬಡಿಸಿಕೊಂಡೆ. ಅತ್ತೆ ಗೊಜ್ಜಿಗೆ ಉಪ್ಪು ಕಮ್ಮಿ ಅಂದರು, ಆದರೂ ಉಂಡರು. ಮೊದಲು ಮಲಗಿದವರು ಅವರೇ. ಯಜಮಾನರು ಬಹಳ ಹೊತ್ತು ಮಗ್ಗುಲು ಬದಲಿಸುತ್ತಿದ್ದರು. ನಾನು ಅವರ ಗೊರಕೆ ಶುರುವಾಗುವುದನ್ನು ಕಾಯುತ್ತಾ ಎಚ್ಚರವಾಗಿದ್ದೆ.